ತಿರುಗದೆ ಕೂತವಳು

ಹಿಲಾರಿಯಾ ಬಕೆಟ್ ಎತ್ತಿ, ಚೀಸು ಸೋಸಿ ಉಳಿದ ಹುಳಿನೀರನ್ನು ಸೀದಾ ಡೋನ್ಯಾ ಪ್ರಿಸ್ಕಾ ಅವರ ಬೂಟಿನ ಮೇಲೆ ಚೆಲ್ಲಿದಳು.

"ಐದು ನಿಮಿಷದಲ್ಲಿ ಇದು ಮಂಜುಗಡ್ಡೆ ಆಗತ್ತೆ," ಎಂದಳು. "ಅಷ್ಟರೊಳಗೆ ಕಾಲು ಕಿತ್ಕೊಂಡು ಹೊರಟ್ರೆ ನಿಮಗೇ ಒಳ್ಳೇದು. ಇಲ್ಲಾಂದ್ರೆ ನನ್ನ ಅಂಗಳದಲ್ಲೇ ನೆಟ್ಟ ಕಂಬದ ಹಾಗೆ ನಿಂತಿರಬೇಕಾಗತ್ತೆ. ನಾಯಿಗಳಿಗೆ ಅನುಕೂಲ."

ಗೋಡೆಯಾಚೆ ಯಾರೋ ಕಿಸಕ್ಕೆಂದರು. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಆದರೂ ಉಕುಮಾರ್ಕದ ಅರ್ಧ ಊರು ಹಿಲಾರಿಯಾಳ ಗೋಡೆಯ ಮೇಲೆ ಗಲ್ಲ ಊರಿಕೊಂಡು ನಿಂತಿತ್ತು. ಮೂರು ದಿನದಿಂದ ಈ ಊರಲ್ಲಿ ಪ್ರಿಸ್ಕಾ ಅವರಿಗೂ ಅವರ ಕಾರು ಓಡಿಸುವ ನನಗೂ ಯಾರೂ ಒಂದು ತುಂಡು ಬ್ರೆಡ್ ಮಾರಿಲ್ಲ. ಒಲೆಯಿಂದ ಆಗತಾನೆ ತೆಗೆದ ಬ್ರೆಡ್ಡಿನ ಹಬೆ ಮುಖಕ್ಕೆ ಬಡಿಯುತ್ತಿರುವಾಗಲೇ ಅಂಗಡಿಯವಳು "ಮುಗೀತು" ಅಂದಿದ್ದಳು.

ಪ್ರಿಸ್ಕಾ ತಮ್ಮ ಬೂಟು ನೋಡಿಕೊಂಡರು. ಮೂಗೆಳೆದರು.

"ನಿನ್ನ ಚೀಸು ಈ ಸಲ ಹುಳಿ ಜಾಸ್ತಿ ಕಣೇ," ಎಂದರು. "ವಾಸನೆಯಲ್ಲೇ ಗೊತ್ತಾಗ್ತಿದೆ. ಮನಸ್ಸು ಎಲ್ಲೋ ಇಟ್ಟು ಹಾಲು ಕಾಸಿದೀಯ."

ಹಿಲಾರಿಯಾಳ ಮುಖ ಬಿಗಿಯಿತು. ನಲವತ್ತೈದರ ಗಟ್ಟಿ ಹೆಂಗಸು ಅವಳು. ಅವಳ ಚೀಸನ್ನು ಹೆಸರು ಹಿಡಿದು ಕೇಳಿ ಕೊಳ್ಳುವವರಿದ್ದಾರೆ. ಇಷ್ಟು ದಿನ ಬೈದದ್ದಕ್ಕೆ ಅಳುಕದವಳಿಗೆ ಈ ಮಾತು ನಾಟಿತು.

ಶನಿವಾರ, ಚಳಿಗಾಲದ ಹಕ್ಕಿ ಎಣಿಕೆಯ ದಿನ, ಹನ್ನೊಂದು ವರ್ಷದಿಂದ ಆ ಎಣಿಕೆ ನಡೆಸುತ್ತಿದ್ದ ಅಬೆಲಾರ್ದೋ ಮೇಷ್ಟ್ರು ಕೆರೆಯ ಜೊಂಡಿನಲ್ಲಿ ತಲೆ ಒಡೆದು ಸತ್ತು ಸಿಕ್ಕಿದ್ದರು. ಆಚೆ ದಡದ ಕಪ್ಪೆ ಹಿಡಿಯುವ ನೆಮೆಸಿಯೋ ಪೊಲೀಸ್ ಠಾಣೆಯ ಕಂಬಿಯ ಹಿಂದಿದ್ದ. ಅವನ ದೋಣಿಯ ಜಲ್ಲೆಗೋಲಿಗೆ ರಕ್ತ ಅಂಟಿತ್ತು, ಪೊಲೀಸರಿಗೆ ಅಷ್ಟು ಸಾಕಾಗಿತ್ತು. ಇವತ್ತು ಮಂಗಳವಾರ. ಹತ್ತು ಗಂಟೆಗೆ ಅವನನ್ನು ಲಾರಿ ಹತ್ತಿಸಿ ಪಟ್ಟಣದ ಜೈಲಿಗೆ ಒಯ್ಯುತ್ತಾರೆ. ಒಮ್ಮೆ ಅಲ್ಲಿಗೆ ಹೋದರೆ ವಿಚಾರಣೆಗೆ ಹೆಸರು ಕರೆಯುವುದಕ್ಕೇ ಎರಡು ವರ್ಷ.

ನಿನ್ನೆ ಸಂಜೆ ನಾವು ನೋಡಲು ಹೋದಾಗ ನೆಮೆಸಿಯೋ ತನಗಾಗಿ ಏನೂ ಕೇಳಲಿಲ್ಲ. "ಡೋನ್ಯಾ, ನನ್ನ ಬುಟ್ಟಿ ದೋಣಿಯಲ್ಲೇ ಇದೆ. ಕಪ್ಪೆಗಳನ್ನ ನೀರಿಗೆ ಬಿಟ್ಬಿಡಿ, ಪಾಪ, ಒಣಗಿ ಸಾಯ್ತಾವೆ," ಅಂದ. ವಾಪಸು ಬರುವಾಗ ಪ್ರಿಸ್ಕಾ ಕಾರು ನಿಲ್ಲಿಸಿ, ಆ ಬುಟ್ಟಿಯನ್ನು ಕೆರೆಗೆ ಸುರಿದರು. ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿ, ಈಗ ಕುರಿ ಮೇಯಿಸಿಕೊಂಡಿರುವ ಹೆಂಗಸು ಅವರು. ನೆಮೆಸಿಯೋನ ಹೆಂಡತಿ ಅವರ ಬಾಗಿಲಲ್ಲಿ ಬಂದು ಕೂತವಳು ಎದ್ದಿರಲಿಲ್ಲ. ಅದಕ್ಕೇ ಈ ಕೇಸು. ನಾನು ಅವರ ಡ್ರೈವರ್, ವೆಂಚೆ. ಕೆರೆಯ ಈ ಕಡೆ ಬಾಡಿಗೆಗೆ ಸಿಗುವ ಕಾರು ನನ್ನದೊಂದೇ.

"ಒಂದೇ ಒಂದು ಮಾತು ಹೇಳು, ಹೊರಟುಹೋಗ್ತೀನಿ," ಎಂದರು ಪ್ರಿಸ್ಕಾ. "ಎಣಿಕೆಗೆ ಮುಂಚೆ ಎಲ್ಲ ಸೇರಿ ಫೋಟೋ ತೆಗೆಸ್ಕೊಂಡ್ರಲ್ಲ. ಅದರಲ್ಲಿ ನಿನ್ನ ಮೈಮೇಲೆ ಕೆಂಪು ಅಂಚಿನ ದಪ್ಪ ಶಾಲು ಇದೆ. ಮೂರು ದಿನದಿಂದ ನೋಡ್ತಿದೀನಿ, ಈ ತೆಳ್ಳನೆ ಬಟ್ಟೆ ಹೊದ್ಕೊಂಡು ನಡುಗ್ತಿದೀಯ. ಆ ಶಾಲು ಎಲ್ಲಿ?"

"ಒಗೆಯಕ್ಕೆ ಹಾಕಿದೀನಿ."

"ಜುಲೈ ತಿಂಗಳಲ್ಲಿ, ನಡುಚಳಿಗಾಲದಲ್ಲಿ? ಒಗೆದ ಬಟ್ಟೆ ಹಗ್ಗದ ಮೇಲೆ ಹಲಗೆ ಆಗೋ ಚಳೀಲಿ?"

"ನನ್ನ ಶಾಲು, ನನ್ನ ಸೋಪು. ನಿಮ್ಮಪ್ಪನ ಮನೇದಾ?"

ಗೋಡೆಯಾಚೆ ಜೋರು ನಗೆ. ಒಬ್ಬ ಮುದುಕ ಚಪ್ಪಾಳೆಯನ್ನೂ ತಟ್ಟಿದ.

ಊರಿನವರ ಸಿಟ್ಟು ನನಗೆ ಅರ್ಥವಾಗುತ್ತದೆ. ನಮ್ಮ ಹುವಾಯ್ರಕೋಚ ಕೆರೆಯಲ್ಲಿ ಹಾರಲು ಬಾರದ ಮುಳುಕ ಹಕ್ಕಿ ಇದೆ. ರೆಕ್ಕೆ ಇದ್ದೂ ಇಲ್ಲದಂತಹದ್ದು. ಕೆರೆ ಬಿಟ್ಟು ಎಲ್ಲಿಗೂ ಹೋಗಲಾರದು. ಎಣಿಕೆಯಲ್ಲಿ ಅದು ಇನ್ನೂರಕ್ಕಿಂತ ಕಡಿಮೆ ಬಂದರೆ ಮೂರು ವರ್ಷ ಜೊಂಡು ಕೊಯ್ಯುವಂತಿಲ್ಲ, ದಡದಲ್ಲಿ ಕುರಿ ಬಿಡುವಂತಿಲ್ಲ, ಬಲೆ ಇಳಿಸುವಂತಿಲ್ಲ. ಪ್ರತಿ ವರ್ಷವೂ ಹೇಗೋ ಇನ್ನೂರು ದಾಟುತ್ತಿತ್ತು. ಹೇಗೆ ದಾಟುತ್ತಿತ್ತೆಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಹೋದ ಶುಕ್ರವಾರ ಮೇಷ್ಟ್ರು ಶಾಲೆಯಲ್ಲಿ ಎಲ್ಲರೆದುರು, "ಈ ಸಲ ನಿಜವಾದ ಲೆಕ್ಕಾನೇ ಓದ್ತೀನಿ," ಅಂದಿದ್ದರು. ಮರುದಿನ ಬೆಳಿಗ್ಗೆ ಅವರು ಇರಲಿಲ್ಲ.

ಪ್ರಿಸ್ಕಾ ಕೋಟಿನ ಒಳಗಿಂದ ಎರಡು ಹಾಳೆ ತೆಗೆದರು. ದಡದಲ್ಲಿ ಎಣಿಸುವವರು ಕೂರುವ ನಾಲ್ಕನೇ ಜಾಗದ ಹಾಳೆಗಳು. ಒಂದು ಹಿಲಾರಿಯಾಳದ್ದು, ಇನ್ನೊಂದು ಊರಿನ ಅಧ್ಯಕ್ಷ ತೆಯೋದೋಸಿಯೋನದ್ದು.

"ನಿನ್ನ ಕೊಂಪಾದ್ರೆಯ ಹಾಳೆ ನೋಡು," ಎಂದರು.

ಹಿಲಾರಿಯಾಳ ಮಗಳನ್ನು ದೀಕ್ಷಾಸ್ನಾನದ ದಿನ ಎತ್ತಿಕೊಂಡವನು ಅವನೇ. ಕೊಂಪಾದ್ರೆ ಎಂದರೆ ಒಡಹುಟ್ಟಿದವನಿಗಿಂತ ಹತ್ತಿರದ ನಂಟು.

"ಅವನು ಕೂತದ್ದು ಪೂರ್ವಕ್ಕೆ ಮುಖ ಮಾಡಿ. ಬಿಸಿಲು ಕಣ್ಣಿಗೆ ಹೊಡೀತಾ ಇರತ್ತೆ. ಆ ಹೊತ್ತಲ್ಲಿ ಆ ಕಡೆ ನೋಡಿದ್ರೆ ಮುಳುಕಾನೂ ಕರೀ ಚುಕ್ಕೆ, ಬಾತೂನೂ ಕರೀ ಚುಕ್ಕೆ. ಹೋದ ವರ್ಷ ಅಲ್ಲಿ ಕೂತವರು ‘ಗುರುತು ಸಿಗದವು’ ಅನ್ನೋ ಕಾಲಮ್ಮಲ್ಲಿ ನೂರಾಹದಿನೇಳು ಬರೆದಿದ್ರು. ಅದರ ಹಿಂದಿನ ವರ್ಷ ತೊಂಬತ್ತು. ಇವನು ಸೊನ್ನೆ. ಪ್ರತಿಯೊಂದು ಹಕ್ಕಿಗೂ ಹೆಸರು."

"ಅವರ ಕಣ್ಣು ಚೆನ್ನಾಗಿದೆ. ನಿಮಗ್ಯಾಕೆ ಹೊಟ್ಟೆಯುರಿ?"

"ಅವನು ನೋಡೇ ಇಲ್ಲ ಹಿಲಾರಿಯಾ. ಮನೇಲೇ ಬರ್ಕೊಂಡು ಬಂದಿದಾನೆ. ಕೆಳಗೆ ಸಾಕ್ಷಿ ಅಂತ ನಿನ್ನ ರುಜು ಇದೆ. ‘ಪೂರ್ತಿ ಹೊತ್ತು ಜೊತೆಗಿದ್ದರು’ ಅಂತ."

"ಇದ್ರು. ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ವಿ. ಎದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ? ನನ್ನ ಬೆನ್ನೇನು ಕಲ್ಲಾ?"

ಬೆನ್ನು ಕೊಟ್ಟು ಕೂರುವ ಪದ್ಧತಿ ಮೇಷ್ಟ್ರದೇ. ಮೊದಮೊದಲು ಎಣಿಸುವವರು ಹರಟೆ ಹೊಡೆಯುತ್ತಾ ಅತ್ತಿತ್ತ ತಿರುಗಿ, ಒಂದೇ ಹಕ್ಕಿಯನ್ನು ಇಬ್ಬರೂ ಎಣಿಸುತ್ತಿದ್ದರು. ಆಮೇಲೆ ಕಟ್ಟುನಿಟ್ಟು ಮಾಡಿದರು: ಒಂದೊಂದು ಜಾಗದಲ್ಲಿ ಇಬ್ಬರು, ಬೆನ್ನಿಗೆ ಬೆನ್ನು, ಅರ್ಧರ್ಧ ಕೆರೆ. ಆರೂವರೆಯಿಂದ ಚರ್ಚಿನ ಎಂಟರ ಗಂಟೆ ಹೊಡೆಯುವವರೆಗೆ ಮಾತಿಲ್ಲ, ತಿರುಗುವಂತಿಲ್ಲ. ಆ ಚಳಿಯಲ್ಲಿ ಬೆನ್ನಿಗೆ ಬೆನ್ನಿನ ಬಿಸಿಯೂ ಸಿಗುತ್ತಿತ್ತು.

"ಹಾಗಾದ್ರೆ ಪಂದ್ಯ," ಎಂದರು ಪ್ರಿಸ್ಕಾ, ಗೋಡೆಯಾಚೆಯವರಿಗೂ ಕೇಳುವಂತೆ. "ಅದೇ ಜಾಗ, ಅದೇ ಹೊತ್ತು. ನಾನು ನಿನ್ನ ಬೆನ್ನಿಗೆ ಕೂರ್ತೀನಿ. ನಾನು ಎದ್ದದ್ದು ನಿನಗೆ ಗೊತ್ತಾದ್ರೆ, ಹ್ಯಾಟ್ ತೆಗೆದು ಊರ ಚೌಕದಲ್ಲಿ ನಿಂತು ತಪ್ಪಾಯ್ತು ಅಂತೀನಿ."

"ಮಂಡಿಯೂರಿ," ಎಂದಳು ಹಿಲಾರಿಯಾ.

"ಸರಿ, ಮಂಡಿಯೂರಿ. ಮಂಡಿನೋವಿದೆ, ಏಳಿಸೋಕೆ ಇಬ್ಬರು ಬೇಕಾಗ್ತಾರೆ ಅಷ್ಟೆ."

*

ನಾಲ್ಕನೇ ಜಾಗವೆಂದರೆ ನೀರಿನೊಳಗೆ ನಾಲಿಗೆಯ ಹಾಗೆ ಚಾಚಿದ ನೆಲ. ಎರಡೂ ಕಡೆ ಕೆರೆ, ಮೂರನೇ ಕಡೆ ಆಳೆತ್ತರದ ಜೊಂಡು. ಜೊಂಡಿನಾಚೆ, ಮುನ್ನೂರು ಹೆಜ್ಜೆಗೆ, ಮೇಷ್ಟ್ರ ಹೆಣ ಸಿಕ್ಕಿದ ಐದನೇ ಜಾಗ. ದಡದ ನೀರು ಹೆಪ್ಪುಗಟ್ಟಿ ಬಿಳಿಯ ಪಟ್ಟಿಯಾಗಿತ್ತು, ಹಕ್ಕಿಗಳೆಲ್ಲ ನಡುನೀರಿನಲ್ಲಿ.

ಊರಿನವರು ಹಿಂದೆಯೇ ಬಂದರು, ಆದರೆ ಪಶ್ಚಿಮದ ಏರಿಯ ಮೇಲೆಯೇ ನಿಂತರು. ಅವರ ನಡುವೆ ಕಂದು ಹ್ಯಾಟಿನ ತೆಯೋದೋಸಿಯೋನೂ ಇದ್ದ. ಕೈಕಟ್ಟಿ ನಿಂತಿದ್ದ. ನಮ್ಮ ಮಾತು ಅಲ್ಲಿಗೆ ಕೇಳಿಸುವಂತಿರಲಿಲ್ಲ. ಆದರೂ ಅವನು ಕಣ್ಣು ಕೀಳಲಿಲ್ಲ.

ಕುರಿ ಚರ್ಮ ಹಾಸಿ ಇಬ್ಬರೂ ಕೂತರು. ಹಿಲಾರಿಯಾ ಪಶ್ಚಿಮಕ್ಕೆ, ಪ್ರಿಸ್ಕಾ ಪೂರ್ವಕ್ಕೆ. ನಾನು ಹತ್ತು ಹೆಜ್ಜೆ ದೂರದಲ್ಲಿ ಕೈ ಉಜ್ಜಿಕೊಳ್ಳುತ್ತಾ ನಿಂತೆ.

ಹಿಲಾರಿಯಾ ಎಣಿಸಲು ಶುರು ಮಾಡಿದಳು. ಅವಳು ಎಣಿಸುವುದನ್ನು ನೋಡಬೇಕು. ತುಟಿ ಅಲ್ಲಾಡುವುದಿಲ್ಲ, ರೆಪ್ಪೆ ಬಡಿಯುವುದಿಲ್ಲ, ಬರೀ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಓಡುತ್ತದೆ.

ಒಂದು ಗಂಟೆಯಾಗಿರಬೇಕು. ಪ್ರಿಸ್ಕಾ ಬೆಕ್ಕಿನಂತೆ ಎದ್ದರು. ಅರವತ್ತರ ಹೆಂಗಸು ಅಷ್ಟು ಮೆಲ್ಲಗೆ ಏಳಬಲ್ಲರೆಂದು ನಾನು ನಂಬಿರಲಿಲ್ಲ. ತಮ್ಮ ಜಾಗಕ್ಕೆ ಕೊಯ್ದ ಜೊಂಡಿನ ಕಟ್ಟೊಂದನ್ನು ಒರಗಿಸಿದರು.

"ಎದ್ರಿ," ಎಂದಳು ಹಿಲಾರಿಯಾ, ತಿರುಗದೆಯೇ. "ಈಗ ಜೊಂಡು ಇಟ್ರಿ. ನನ್ನನ್ನೇನು ದಡ್ಡಿ ಅಂದ್ಕೊಂಡ್ರಾ?"

ಪ್ರಿಸ್ಕಾ ನನಗೆ ಸನ್ನೆ ಮಾಡಿದರು. ನಾನು ಜೊಂಡು ಸರಿಸಿ, ಉಸಿರು ಬಿಗಿಹಿಡಿದು ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತೆ.

"ಇದು ಡ್ರೈವರ್ರು. ಪೆಟ್ರೋಲ್ ನಾತ." ಒಂದು ಕ್ಷಣ ಬಿಟ್ಟು, "ಇವನ್ಯಾಕೆ ಹೀಗೆ ನಡುಗ್ತಾನೆ? ಬೆಳಿಗ್ಗೆ ಗಂಜಿ ಕುಡಿದಿಲ್ವೇನೋ?" ಎಂದಳು.

"ನಿಮ್ಮೂರಲ್ಲಿ ಯಾರು ಕೊಟ್ರು ಗಂಜಿ?" ಎಂದೆ ನಾನು.

ಅವಳು ಎದ್ದು ನಿಂತು, ಏರಿಯ ಕಡೆ ಕೈ ಎತ್ತಿ ಬೀಸಿದಳು. ಅಲ್ಲಿಂದ ಕೇಕೆ ಕೇಳಿಸಿತು. "ಗೆದ್ದೆ! ನಡೀರಿ ತಾಯಿ, ಚೌಕ ಗುಡಿಸಿಟ್ಟಿದಾರೆ. ಮಂಡಿ ಕೆಳಗೆ ಹಾಕ್ಕೊಳ್ಳೋಕೆ ಗೋಣಿಚೀಲ ನಾನೇ ಕೊಡ್ತೀನಿ, ಬಿಟ್ಟಿ."

ಪ್ರಿಸ್ಕಾ ಅಲ್ಲೇ ಹ್ಯಾಟ್ ತೆಗೆದರು. ನರೆತ ಜಡೆ ಗಾಳಿಗೆ ಅಲ್ಲಾಡಿತು.

"ಒಪ್ಪಿದೆ. ನೀನು ಗೆದ್ದೆ," ಎಂದರು. "ನಿನ್ನ ಬೆನ್ನಿಂದ ಯಾರು ಎದ್ರೂ ತಕ್ಷಣ ಗೊತ್ತಾಗತ್ತೆ. ಯಾರು ಬಂದು ಕೂತ್ರೂ ಗೊತ್ತಾಗತ್ತೆ, ಇಂಥವರೇ ಅಂತ ಹೆಸರು ಹಿಡಿದು ಹೇಳ್ತೀಯ. ಹಾಗಾದ್ರೆ ಶನಿವಾರಾನೂ ಗೊತ್ತಾಗಿದೆ."

ಹಿಲಾರಿಯಾಳ ಎತ್ತಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು.

"ನಿನ್ನ ಹಾಳೇಲಿ ಕಾಲು ಗಂಟೆಗೊಂದು ಮನೆ ಗೆರೆ ಹಾಕಿ ಬಿಟ್ಟಿದೆ," ಪ್ರಿಸ್ಕಾ ದನಿ ಏರಿಸಲಿಲ್ಲ. "ಹನ್ನೊಂದು ವರ್ಷದ ಹಾಳೆಗಳನ್ನ ಶಾಲೆಯ ಬೀರುವಿಂದ ತೆಗೆಸಿ ನೋಡ್ದೆ. ಒಂದೇ ಒಂದು ಮನೆ ನೀನು ಖಾಲಿ ಬಿಟ್ಟಿಲ್ಲ. ಮೊದಲನೇ ವರ್ಷ ಜ್ವರದಲ್ಲಿ ಕೂತಿದ್ದೆಯಂತೆ, ಆಗ್ಲೂ ಬಿಟ್ಟಿಲ್ಲ. ಈ ಶನಿವಾರ ಏಳರಿಂದ ಏಳೂಕಾಲು, ಖಾಲಿ. ಆ ಕಾಲು ಗಂಟೆ ನಿನ್ನ ಬೆನ್ನ ಹಿಂದೆ ಯಾರಿದ್ರು?"

"ಕೈ ಮರಗಟ್ಟಿತ್ತು."

"ಸುಳ್ಳು."

"ನಾನು ಬಾಯಿ ಬಿಟ್ರೆ ಲೆಕ್ಕಾನೇ ಸುಳ್ಳು ಅಂತಾಗತ್ತೆ, ಈ ಊರಿಗೆ ಕೆರೆ ಇಲ್ಲ! ನಿಮಗೇನು, ನಿಮ್ಮ ಕುರಿ ಗುಡ್ಡದ ಮೇಲೆ ಮೇಯ್ತಾವೆ. ನನ್ನವು ಎಲ್ಲಿಗೆ ಹೋಗ್ಬೇಕು? ಆಚೆ ದಡದ ಕಪ್ಪೆಯವನಿಗೋಸ್ಕರ ನಾನು ನನ್ನೂರನ್ನ ಮಾರ್ಲಾ?"

"ಹತ್ತು ಗಂಟೆಗೆ ಆ ಕಪ್ಪೆಯವನು ಲಾರಿ ಹತ್ತುತ್ತಾನೆ. ಅವನ ಹೆಂಡ್ತಿ ನನ್ನ ಬಾಗಿಲಲ್ಲಿ ಇನ್ನೂ ಕೂತಿದಾಳೆ. ಅವನು ಹೊಡೆದಿಲ್ಲ ಅಂತ ನಿನಗೆ ಗೊತ್ತಿದೆ. ಅದಕ್ಕೇ ನಿನ್ನ ಹಾಲು ಹುಳಿಯಾಗ್ತಿರೋದು."

ಹಿಲಾರಿಯಾ ಕುರಿ ಚರ್ಮದ ಮೇಲೆ ಕುಸಿದು ಕೂತಳು. ಏರಿಯ ಮೇಲಿನ ಕೇಕೆ ನಿಂತುಹೋಯಿತು. ಅವಳು ಬಾಯಿ ತೆರೆದಳು, ನನ್ನ ಕಡೆ ನೋಡಿದಳು, ಮತ್ತೆ ಮುಚ್ಚಿದಳು.

"ಅವನನ್ನ ಆಚೆ ಕಳಿಸಿ."

"ವೆಂಚೆ ಮೂರು ದಿನದಿಂದ ನನ್ನ ಜೊತೆ ಉಪವಾಸ ಬಿದ್ದಿದಾನೆ. ಅವನಿಗೆ ಕೇಳಿಸದ ಮಾತು ನನಗೂ ಬೇಡ. ಹೇಳು."

ಹೇಳಿದಳು. ಕೆರೆಯ ಕಡೆ ನೋಡಿಕೊಂಡೇ ಹೇಳಿದಳು.

"ಏಳು ಗಂಟೆಗೆ ಮುಂಚೆ ಕೊಂಪಾದ್ರೆ ಎದ್ರು. ಬೆನ್ನು ತಣ್ಣಗಾಯ್ತು. ಒಂದಕ್ಕೆ ಹೋಗಿರ್ತಾರೆ ಅಂದ್ಕೊಂಡೆ, ಎಣಿಸ್ತಾ ಇದ್ದೆ. ಸ್ವಲ್ಪ ಹೊತ್ತಿಗೆ ಮತ್ತೆ ಯಾರೋ ಬಂದು ಕೂತ್ರು. ಕೂತದ್ದಲ್ಲ, ಬಿದ್ದ ಹಾಗೆ ಒರಗಿದ್ರು. ಸಣ್ಣ ಬೆನ್ನು. ಕೊಂಪಾದ್ರೆದಲ್ಲ."

"ಯಾರದ್ದು?"

"ಮೇಷ್ಟ್ರದ್ದು."

ನಾನು ಕೈ ಉಜ್ಜುವುದನ್ನು ನಿಲ್ಲಿಸಿದೆ.

"ನಿಮಗೆ ಗೊತ್ತಲ್ಲ ಅವರ ಆಟ. ಪ್ರತಿ ವರ್ಷ ಕಳ್ಳಹೆಜ್ಜೆ ಇಟ್ಕೊಂಡು ಬಂದು, ಹಿಂದಿನಿಂದ ‘ತಿರುಗು, ತಿರುಗು’ ಅಂತ ಪಿಸುಗುಡ್ತಾರೆ. ಯಾರು ತಿರುಗ್ತಾರೋ ಅವರು ಅವತ್ತಿನ ಊಟಕ್ಕೆ ಆಲೂಗಡ್ಡೆ ಸುಲೀಬೇಕು. ಹೋದ ವರ್ಷ ನಾನು ತಿರುಗಿ ಎರಡು ಮೂಟೆ ಸುಲಿದೆ. ಊರೆಲ್ಲ ನಕ್ಕಿತ್ತು." ಅವಳು ಮೂಗೊರೆಸಿಕೊಂಡಳು. "ಶನಿವಾರಾನೂ ಅದನ್ನೇ ಅಂದ್ರು. ‘ಹಿಲಾರಿಯಾ, ತಿರುಗು.’ ದನಿ ಒಂಥರಾ ಇತ್ತು. ಒಳ್ಳೇ ನಾಟಕ ಕಲಿತಿದಾರೆ ಅಂದ್ಕೊಂಡೆ. ‘ಹೋಗಿ ಮೇಷ್ಟ್ರೇ, ಈ ವರ್ಷ ಆಲೂಗಡ್ಡೆ ನೀವೇ ಸುಲ್ಕೊಳ್ಳಿ’ ಅಂದೆ. ನಗು ತಡ್ಕೊಳ್ಳಕ್ಕೆ ಆಗ್ಲಿಲ್ಲ. ಎಣಿಕೆ ತಪ್ಪಿಹೋಯ್ತು. ಅದಕ್ಕೇ ಆ ಮನೆ ಖಾಲಿ."

ಪ್ರಿಸ್ಕಾ ಅವಳ ಪಕ್ಕದಲ್ಲಿ ಮಂಡಿಯೂರಿದರು.

"ಮತ್ತೆ ಮತ್ತೆ ತಿರುಗು ಅಂದ್ರು. ನಾನು ನಗ್ತಾನೇ ಇದ್ದೆ. ಆಮೇಲೆ ಬೆನ್ನಿನ ಭಾರ ಜಾರಿತು. ಜೊಂಡು ಸರಸರ ಅಂತು. ಐದನೇ ಜಾಗದವರನ್ನ ಪೀಡಿಸೋಕೆ ಹೊರಟ್ರು ಅಂದ್ಕೊಂಡೆ. ಗಂಟೆ ಹೊಡೆದ ಮೇಲೆ ತಿರುಗಿದ್ರೆ, ಜೊಂಡಿನ ಕಡೆಯಿಂದ ಕೊಂಪಾದ್ರೆ ಏದುಸಿರು ಬಿಡ್ತಾ ಬರ್ತಿದ್ರು. ಬಂದವರೇ ನನ್ನ ಶಾಲು ಎಳ್ಕೊಂಡ್ರು. ‘ಹಿಂದೆ ಮಣ್ಣಾಗಿದೆ, ನನ್ನ ಹೆಂಡ್ತಿ ಒಗೆದು ಕೊಡ್ತಾಳೆ, ಇಲ್ಲಿ ರುಜು ಹಾಕು’ ಅಂದ್ರು. ಹಾಕ್ದೆ. ಮನೇಲಿ ಸ್ವೆಟರ್ ಬಿಚ್ಚಿದಾಗ ನೋಡ್ತೀನಿ..." ಅವಳು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಮಾತು ಬಂತು. "ಮಣ್ಣಲ್ಲ ಅದು. ತಿರುಗಿದ್ದಿದ್ರೆ ಬದುಕ್ತಿದ್ರೇನೋ. ತಿರುಗ್ಬೇಡ ಅಂತ ಕಲಿಸಿದೋರೂ ಅವರೇ."

"ಸ್ವೆಟರ್ ಎಲ್ಲಿದೆ?"

"ಉಣ್ಣೆ ಮೂಟೆಯ ತಳದಲ್ಲಿ. ಒಗೆಯಕ್ಕೆ ಕೈ ಬರ್ಲಿಲ್ಲ."

"ಅದನ್ನ ತಗೊಂಡು ಈಗಲೇ ಠಾಣೆಗೆ ನಡಿ. ಏಳು ಗಂಟೆಗೆ ಮೇಷ್ಟ್ರು ಇಲ್ಲಿ ಬದುಕಿದ್ರು, ಏಟು ತಿಂದು ಇಲ್ಲಿಗೇ ಬಂದ್ರು, ಇಲ್ಲಿಂದ ಅವರನ್ನ ಯಾರೋ ಎಳೆದ್ರು ಅಂತ ಹೇಳು. ಏಳೂವರೆವರೆಗೆ ನೆಮೆಸಿಯೋ ಆಚೆ ದಡದಲ್ಲಿ ಬಲೆ ಬಿಚ್ತಿದ್ದದ್ದನ್ನ ಮೂರು ಜನ ನೋಡಿದಾರೆ, ಆಮೇಲೆ ಈ ಜೊಂಡಿಗೆ ದೋಣಿ ತಂದಾಗ ಗೋಲಿಗೆ ರಕ್ತ ಅಂಟಿರ್ಬೇಕು. ಅವನು ಮಧ್ಯಾಹ್ನಕ್ಕೆ ಮನೇಲಿರ್ತಾನೆ." ಪ್ರಿಸ್ಕಾ ಅವಳ ಭುಜ ಹಿಡಿದರು. "ಮೇಷ್ಟ್ರು ತಿರುಗು ಅನ್ನೋದು ಬಿಟ್ಟು ಬೇರೆ ಏನಾದ್ರೂ ಅಂದ್ರಾ?"

ಹಿಲಾರಿಯಾ ತಲೆಯೆತ್ತಿದಳು. ಪ್ರಿಸ್ಕಾರನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

"ಒಂದು ಹೆಸರು ಹೇಳಿದ್ರು. ಎರಡು ಸಲ. ಅದಕ್ಕೇ ಆಚೆ ಕಳಿಸಿ ಅಂದದ್ದು." ಅವಳು ನನ್ನತ್ತ ಗಲ್ಲ ಎತ್ತಿದಳು. "‘ವೆನ್ಸೆಸ್ಲಾವೋ’ ಅಂದ್ರು."

ಅದು ನನ್ನ ಪೂರ್ತಿ ಹೆಸರು. ಈ ದಡದಲ್ಲಿ ಇನ್ನೊಬ್ಬ ವೆನ್ಸೆಸ್ಲಾವೋ ಇಲ್ಲ.

"ಆಸ್ಪತ್ರೆಗೆ ಹೋಗೋಕೆ ಕಾರು ಬೇಕಿತ್ತೇನೋ," ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. "ಕಾರಿರೋನು ನಾನೊಬ್ಬನೇ ಅಲ್ವಾ. ಕರೆಸು ಅಂದಿರ್ತಾರೆ."

"ಇರಬಹುದು," ಎಂದರು ಪ್ರಿಸ್ಕಾ. ಹ್ಯಾಟ್ ಹಾಕಿಕೊಂಡರು. "ನಡಿ, ಕಾರು ತೆಗಿ."

ಏರಿ ಹತ್ತುವಾಗ ಜನ ದಾರಿ ಬಿಡಲಿಲ್ಲ. ಸಂದಿಯಲ್ಲಿ ನುಗ್ಗಿ ಹೋಗಬೇಕಾಯಿತು. ಯಾರದೋ ಮೊಣಕೈ ನನ್ನ ಪಕ್ಕೆಗೆ ಬಿತ್ತು. ತೆಯೋದೋಸಿಯೋ ನಗುನಗುತ್ತಲೇ ಕೇಳಿದ, "ಎಲ್ಲಿಗೆ ಹಿಲಾರಿಯಾ, ಈ ಚಳೀಲಿ?"

"ಚೀಸು ಮಾರಕ್ಕೆ," ಎಂದಳು ಅವಳು, ನಿಲ್ಲದೆ.

"ಹುಷಾರು. ಹಾಳಾದ ಚೀಸನ್ನ ಯಾರೂ ಕೊಳ್ಳಲ್ಲ. ವಾಪಸ್ ಬರ್ಬೇಕಾದ್ದು ಇದೇ ಊರಿಗೆ."

ಹಿಲಾರಿಯಾಳ ಮನೆಯ ಮುಂದೆ ಕಾರು ನಿಲ್ಲಿಸಿದೆ. ಉಣ್ಣೆ ಮೂಟೆಯಿಂದ ಸ್ವೆಟರ್ ತಂದು, ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಅವಳು ಹಿಂದಿನ ಸೀಟಿನಲ್ಲಿ ಕೂತಳು. ಪ್ರಿಸ್ಕಾ ಯಾವತ್ತೂ ನನ್ನ ಪಕ್ಕ ಕೂರುವವರು, ಹಿಂದೆ ಕೂತರೆ ತಲೆ ತಿರುಗುತ್ತದೆ ಎನ್ನುವವರು. ಅವತ್ತು ಅವರೂ ಹಿಂದೆಯೇ ಕೂತರು. ಸರಿಯಾಗಿ ನನ್ನ ಬೆನ್ನ ಹಿಂದೆ.

ಊರು ದಾಟಿದೆವು.

"ವೆಂಚೆ," ಎಂದರು ಪ್ರಿಸ್ಕಾ. "ಮೂರು ದಿನದಿಂದ ಇಡೀ ದಡವನ್ನ ಕೇಳ್ದೆ. ನಿನ್ನನ್ನ ಮಾತ್ರ ಕೇಳ್ಲಿಲ್ಲ ನೋಡು. ಶನಿವಾರ ಏಳು ಗಂಟೆಗೆ ಎಲ್ಲಿದ್ದೆ?"

"ಎಣಿಸೋರನ್ನೆಲ್ಲ ಅವರವರ ಜಾಗಕ್ಕೆ ಇಳಿಸಿ, ಏರಿ ಮೇಲೆ ಕಾರು ನಿಲ್ಲಿಸಿದ್ದೆ," ಎಂದೆ. "ಒಳಗೇ ಮಲಗಿದ್ದೆ. ಗಂಟೆ ಹೊಡೆದಾಗ್ಲೇ ಎಚ್ಚರ ಆದದ್ದು."

"ಸುಳ್ಳು," ಎಂದಳು ಹಿಲಾರಿಯಾ. ಬಕೆಟ್ ಎತ್ತಿದಾಗಿನ ಅದೇ ದನಿ. "ನನ್ನ ಬೆನ್ನ ಹಿಂದಿನದು ನಾನು ನೋಡ್ಲಿಲ್ಲ ಡೋನ್ಯಾ. ಮುಂದಿನದು ಒಂದೂವರೆ ಗಂಟೆ ನೋಡ್ತಾನೇ ಇದ್ದೆ. ಪಶ್ಚಿಮದ ಏರಿ ನನ್ನ ಕಣ್ಣೆದುರಿಗೇ ಇತ್ತು, ಬಿಸಿಲು ಸೀದಾ ಅದರ ಮೇಲೆ ಬೀಳ್ತಿತ್ತು. ಕಾರು ನಿಂತಿತ್ತು. ಎರಡು ಬಾಗಿಲೂ ತೆರೆದಿತ್ತು. ಒಳಗೆ ಯಾರೂ ಇರ್ಲಿಲ್ಲ."

ಠಾಣೆಗೆ ಇನ್ನೂ ಮೂವತ್ತೆಂಟು ಕಿಲೋಮೀಟರ್ ಇತ್ತು. ನೆಮೆಸಿಯೋನ ಲಾರಿ ಹೊರಡಲು ಒಂದೂಕಾಲು ಗಂಟೆ. ಅವನನ್ನು ಬಿಡಿಸಬಲ್ಲ, ನನ್ನ ಸುಳ್ಳನ್ನು ಬಯಲು ಮಾಡಬಲ್ಲ ಒಬ್ಬಳೇ ಸಾಕ್ಷಿ ನನ್ನ ಕಾರಿನಲ್ಲಿದ್ದಳು. ಎಡಕ್ಕೆ ಕೆರೆ, ಬಲಕ್ಕೆ ಕಣಿವೆ, ಸ್ಟಿಯರಿಂಗ್ ನನ್ನ ಕೈಯಲ್ಲಿ.